ಡಿಎಂಎಕ್ಸ್ ದೀಪಗಳ ಜೋಡಣೆ: ಮೊದಲು ಕೇಬಲ್ ನೋಡಿ

ರಂಗದ ಮೇಲೆ ಒಂದು ಎಲ್‌ಇಡಿ ಪಾರ್ (ಡಬ್ಬಿಯಾಕಾರದ ರಂಗದೀಪ) ತನ್ನಷ್ಟಕ್ಕೆ ಮಿಣುಕತೊಡಗಿದರೆ ಎಲ್ಲರೂ ಮೊದಲು ದೂರುವುದು ಆ ದೀಪವನ್ನೇ. ಆದರೆ ದೋಷ ಬಹಳ ಸಲ ಇರುವುದು ಕೇಬಲ್‌ನಲ್ಲಿ, ಇಲ್ಲವೇ ದೀಪಕ್ಕೆ ಕೊಟ್ಟ ವಿಳಾಸ ಸಂಖ್ಯೆಯಲ್ಲಿ. ರಂಗದೀಪಗಳನ್ನು ನಿಯಂತ್ರಿಸಲು 1986ರಲ್ಲಿ ರೂಪುಗೊಂಡ ಡಿಎಂಎಕ್ಸ್512 ಪದ್ಧತಿಯಲ್ಲಿ ಕನ್ಸೋಲ್ (ದೀಪಗಳ ನಿಯಂತ್ರಣ ಫಲಕ) ಹೇಳುತ್ತಾ ಹೋಗುತ್ತದೆ, ದೀಪಗಳು ಕೇಳುತ್ತಾ ಹೋಗುತ್ತವೆ. 512 ಚಾನೆಲ್‌ಗಳಿಗೂ (ಬೆಳಕಿನ ಮಟ್ಟ, ಬಣ್ಣದಂಥ ಒಂದೊಂದನ್ನು ನಿಯಂತ್ರಿಸುವ ಸಾಲು) 0ಯಿಂದ 255ರೊಳಗಿನ ಒಂದೊಂದು ಸಂಖ್ಯೆ, ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 44 ಸಲ. ಸಂಖ್ಯೆ ಸರಿಯಾಗಿ ತಲುಪಿತೇ ಎಂದು ಪರೀಕ್ಷಿಸುವ ಏರ್ಪಾಡು ಇದರಲ್ಲಿಲ್ಲ. ಹಾಗಾಗಿ ಸಿಡಿಮದ್ದು ಹಚ್ಚುವಂಥ ಅಪಾಯದ ಕೆಲಸಕ್ಕೆ ಇದನ್ನು ಎಂದಿಗೂ ಬಳಸಬಾರದು.

ಕನ್ಸೋಲ್‌ನಿಂದ ಮೊದಲ ದೀಪದ ಇನ್, ಅದರ ಔಟ್‌ನಿಂದ ಮುಂದಿನದರ ಇನ್: ಹೀಗೆ ಸರಪಳಿಯಾಗಿ ಎಳೆಯಬೇಕು. ವೈ ಆಕಾರದ ಕವಲು ಬೇಡ. ಕವಲಿನ ತುದಿಗೆ ಬಡಿದ ಸಂಕೇತ ಹಿಂದಿರುಗಿ, ಹೊಸದಾಗಿ ಬರುತ್ತಿರುವುದನ್ನು ಕೆಡಿಸುತ್ತದೆ. ಸರಪಳಿಯ ಕೊನೆಯಲ್ಲೂ ಆಗುವುದು ಇದೇ. ಅದಕ್ಕೇ ಕೊನೆಯ ದೀಪದ ಔಟ್‌ಗೆ ಟರ್ಮಿನೇಟರ್ ಬೇಕು. ಒಂದು ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ಗಳಲ್ಲೂ ಇರುವ ದುಂಡು ಪ್ಲಗ್) ಮೇಲ್ ಪ್ಲಗ್‌ನ 2 ಮತ್ತು 3ನೇ ಪಿನ್‌ಗಳ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿದರೆ ಅದೇ ಟರ್ಮಿನೇಟರ್.

ಪ್ಲಗ್ ಕೂರುತ್ತದೆಂದು ಮೈಕ್ ಕೇಬಲ್ ಹಾಕುವುದು ಸಾಮಾನ್ಯ. ಎರಡು ಮಾರು ದೂರಕ್ಕೆ ನಡೆದೀತು. ಇಲ್ಲಿ ಒಂದೊಂದು ಬಿಟ್‌ಗೆ ಸಿಗುವುದು 4 ಮೈಕ್ರೋಸೆಕೆಂಡ್ ಮಾತ್ರ. ಉದ್ದ ಹೆಚ್ಚಿದಂತೆ ಮೈಕ್ ಕೇಬಲ್ ಸಂಕೇತದ ಚೂಪು ಅಂಚುಗಳನ್ನು ಮೊಂಡಾಗಿಸುತ್ತದೆ. 120 ಓಮ್ ಇಂಪೆಡೆನ್ಸ್‌ನ ಡೇಟಾ ಕೇಬಲ್ಲೇ ಸರಿ. ಒಂದು ಸರಪಳಿಯಲ್ಲಿ 32 ದೀಪ ಮೀರಿದರೆ ಸ್ಪ್ಲಿಟರ್ (ಸಂಕೇತವನ್ನು ಹೊಸದಾಗಿ ಬಲಪಡಿಸಿ ಬೇರೆ ಬೇರೆ ಸರಪಳಿಗಳಿಗೆ ಹಂಚುವ ಪೆಟ್ಟಿಗೆ) ಬೇಕು.

ಇನ್ನು ವಿಳಾಸ, ಅಂದರೆ ದೀಪ ಕೇಳತೊಡಗುವ ಮೊದಲ ಚಾನೆಲ್‌ನ ಸಂಖ್ಯೆ. ಪ್ರತಿ ಪಾರ್‌ಗೆ 7 ಚಾನೆಲ್ ಎಂದಿಟ್ಟುಕೊಳ್ಳಿ: ಮೊದಲನೆಯದಕ್ಕೆ 1, ಆಮೇಲೆ 8, 15, 22. ಹನ್ನೊಂದನೆಯದಕ್ಕೆ 71. ದೀಪದಲ್ಲಿ ಡಿಪ್ ಸ್ವಿಚ್ (1, 2, 4, 8 ಹೀಗೆ ದುಪ್ಪಟ್ಟಾಗುವ ಬೆಲೆಯ ಪುಟ್ಟ ಸ್ವಿಚ್‌ಗಳ ಸಾಲು) ಇದ್ದರೆ 71 ಅಂದರೆ 64+4+2+1, ಅಂದರೆ 7, 3, 2, 1ನೇ ಸ್ವಿಚ್‌ಗಳು ಆನ್. ಎರಡನೆಯ ದೀಪಕ್ಕೆ 8ರ ಬದಲು 7 ಕೊಟ್ಟರೆ ಮೊದಲ ದೀಪದ ಕೊನೆಯ ಚಾನೆಲ್ ಎತ್ತಿದಾಗಲೆಲ್ಲ ಎರಡನೆಯದರ ಮೊದಲ ಚಾನೆಲ್ಲೂ ಏರುತ್ತದೆ. ದೀಪದ ಮೆನುವಿನಲ್ಲಿರುವ ಚಾನೆಲ್ ಮೋಡ್ ಕನ್ಸೋಲ್‌ನಲ್ಲಿ ಆರಿಸಿದ್ದಕ್ಕೆ ಹೊಂದದಿದ್ದರೂ ಹೀಗೆಯೇ: ಕೆಂಪು ಕೇಳಿದರೆ ನೀಲಿ ಬರುತ್ತದೆ.

ಇಡೀ ಸರಪಳಿಯನ್ನು ಒಮ್ಮೆಲೇ ಪರೀಕ್ಷಿಸುವ ಚೊಕ್ಕ ಉಪಾಯ ಒಂದಿದೆ. ದೀಪಗಳ ಕರೆಂಟ್ ತೆಗೆದು, ಕನ್ಸೋಲ್‌ನಿಂದ ಕೇಬಲ್ ಕಳಚಿ, ಆ ತುದಿಯ 2 ಮತ್ತು 3ನೇ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. 120 ಓಮ್ ಆಸುಪಾಸು ತೋರಿಸಿದರೆ ತಂತಿ ಕೊನೆಯವರೆಗೂ ಕೂಡಿದೆ (ದೀಪಗಳು ಹೆಚ್ಚಿದಷ್ಟೂ ಕೊಂಚ ಇಳಿಯುವುದು ಸಹಜ). ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್, 60ರ ಹತ್ತಿರ ಬಂದರೆ ಎರಡು ಟರ್ಮಿನೇಟರ್ ಸೇರಿಕೊಂಡಿವೆ. ನೂರಾರು, ಸಾವಿರಾರು ಓಮ್ ತೋರಿಸಿದರೆ ತಂತಿ ನಡುವೆ ಎಲ್ಲೋ ತುಂಡಾಗಿದೆ, ಇಲ್ಲವೇ ಟರ್ಮಿನೇಟರ್ ಹಾಕಿಲ್ಲ. ಆಗ ಸರಪಳಿಯನ್ನು ಮಧ್ಯದಲ್ಲಿ ಬಿಡಿಸಿ, ಟರ್ಮಿನೇಟರನ್ನು ಅಲ್ಲಿಗೆ ಸಿಕ್ಕಿಸಿ ಮತ್ತೆ ಅಳೆದರೆ ದೋಷ ಯಾವ ಅರ್ಧದಲ್ಲಿದೆ ಎಂದು ಗೊತ್ತಾಗುತ್ತದೆ.