ಕಾವೇರಿ ಮಾತುಕತೆಗೆ ಸೆಪ್ಟೆಂಬರ್ ತಡವಾಯಿತು

ಮಳೆ ಕೈಕೊಟ್ಟ ವರ್ಷ ತಮಿಳುನಾಡಿಗೆ ಕಾವೇರಿ ನೀರು ಬಿಡಬಾರದೆಂದು ಮಂಡ್ಯದಲ್ಲಿ ಹೆದ್ದಾರಿ ತಡೆ ಶುರುವಾಗುವುದು ಸಾಮಾನ್ಯವಾಗಿ ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಇಲ್ಲಿ ಭತ್ತದ ನಾಟಿ ಆಗಿರುತ್ತದೆ. ತಮಿಳುನಾಡಿನ ತಂಜಾವೂರಿನ ಕಡೆ ಮೊದಲ ಭತ್ತದ ಬೆಳೆ ಕುರುವೈ ಒಣಗುತ್ತಿರುತ್ತದೆ, ಅದರ ನಂತರದ ಭತ್ತ ಸಾಂಬಾಕ್ಕೆ ನೀರು ಬೇಕಿರುತ್ತದೆ. ಎರಡೂ ಕಡೆ ಪೈರು ನಿಂತ ಮೇಲೆ ಯಾರು ತಾನೇ ಬಿಟ್ಟುಕೊಟ್ಟಾರು?

ಸಂಧಾನಕ್ಕೆ ಕೂತವರು ಮೊದಲು ಮಾಡಬೇಕಾದದ್ದು ಅಳತೆ ಒಂದು ಮಾಡುವುದು. ಒಬ್ಬರು ಕಟ್ಟೆಯ ಮಟ್ಟವನ್ನು ಅಡಿಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ಬರಬೇಕಾದ ನೀರಿನ ಬಾಕಿಯನ್ನು ಟಿಎಂಸಿಯಲ್ಲಿ (ನೂರು ಕೋಟಿ ಘನ ಅಡಿ) ಕೇಳುತ್ತಾರೆ, ಆದೇಶ ಬರುವುದು ಕ್ಯುಸೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಅಡಿ). 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ದಿನಕ್ಕೆ 5,000 ಕ್ಯುಸೆಕ್‌ನಂತೆ 15 ದಿನ ಬಿಟ್ಟರೆ ಸುಮಾರು ಆರೂವರೆ ಟಿಎಂಸಿ. ಕನ್ನಂಬಾಡಿಯ ಪೂರ್ಣ ಸಂಗ್ರಹ 49.45. ಈ ಲೆಕ್ಕ ಹಳ್ಳಿಯ ಜಗಲಿ ಮುಟ್ಟಿದರೆ ಅರ್ಧ ಗುಮಾನಿ ಕಳೆಯುತ್ತದೆ.

ಅಳೆಯುವ ಜಾಗವೂ ಅಷ್ಟೇ ಮುಖ್ಯ. ನಮ್ಮವರ ಕಣ್ಣು ಕಟ್ಟೆಯ ಗೇಟಿನ ಮೇಲೆ, ಲೆಕ್ಕ ಹಿಡಿಯುವುದು ರಾಜ್ಯದ ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ. ನಡುವಿನ ಹಳ್ಳಕೊಳ್ಳಗಳ ನೀರೂ ಅಲ್ಲಿ ಸೇರುತ್ತದೆ. ಹಾಗಾಗಿ ಎರಡು ಅಂಕಿಗಳೂ ನಿಜವಾಗಿದ್ದು, ಎರಡೂ ಕಡೆಯವರು ಪರಸ್ಪರ ಸುಳ್ಳುಗಾರರೆಂದು ಬೈದುಕೊಳ್ಳುತ್ತಾರೆ.

2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಧಾರಣ ವರ್ಷದಲ್ಲಿ ಬಿಳಿಗುಂಡ್ಲುವಿಗೆ 177.25 ಟಿಎಂಸಿ ಮುಟ್ಟಬೇಕು; ಆಗಸ್ಟ್ ಒಂದರಲ್ಲೇ 45.95. ಕೊರತೆಯ ವರ್ಷ ಪಾಲು ಅದೇ ಪ್ರಮಾಣದಲ್ಲಿ ಇಳಿಯಬೇಕೆಂದು ಕಾವೇರಿ ನ್ಯಾಯಮಂಡಳಿ 2007ರಲ್ಲೇ ಹೇಳಿತ್ತು. ತಿಂಗಳು ತಿಂಗಳು ಕೊರತೆಯನ್ನು ಹೇಗೆ ಅಳೆಯುವುದು ಎಂಬಲ್ಲಿ ಗಂಟು ಉಳಿದಿದೆ. ಜಗಳವೆಲ್ಲ ಆ ಗಂಟಿನದೇ.

2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ ಕಟ್ಟಿದ 'ಕಾವೇರಿ ಕುಟುಂಬ' ಒಬ್ಬರ ಗದ್ದೆಗೆ ಇನ್ನೊಬ್ಬರನ್ನು ಕರೆದೊಯ್ದಿತು. ನಾಲೆಯ ಕೊನೆಯ ಭಾಗದವನ ಗೋಳು ಮದ್ದೂರಿನಲ್ಲೂ ನಾಗಪಟ್ಟಿಣದಲ್ಲೂ ಒಂದೇ ಎಂದು ಕಂಡವರಿಗೆ ಮಾತಿನ ಧಾಟಿ ಬದಲಾಗುತ್ತದೆ. ಹಂಚಿಕೆಯ ಲೆಕ್ಕ ಮಾತ್ರ ಅಲ್ಲಿ ಬಗೆಹರಿಯಲಿಲ್ಲ. ನೀರು ಬಿಡುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಆದರೂ ಅಂಥ ಕೂಟ ಪ್ರತಿ ವರ್ಷ ಕೂಡಬೇಕು, ಅಧಿಕಾರಿಗಳು ಪಕ್ಕದಲ್ಲೇ ಕೂತು ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಲವರ್ಷ ಆರಂಭವಾಗುವುದು ಜೂನ್ 1ಕ್ಕೆ. ಮಾತುಕತೆ ಮೇ ತಿಂಗಳಲ್ಲೇ ಮುಗಿಯಲಿ. ಜುಲೈ ಕೊನೆಯ ಹೊತ್ತಿಗೆ ಒಳಹರಿವು ಇಷ್ಟಕ್ಕಿಂತ ಕಡಿಮೆಯಾದರೆ ತಮಿಳುನಾಡಿನಲ್ಲಿ ಎಷ್ಟು ಎಕರೆ ಬೆಳೆಯಿಡದೆ ಬಿಡಬೇಕು, ಇಲ್ಲಿ ಭತ್ತದ ಬದಲು ರಾಗಿ ಎಲ್ಲಿ, ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ (ಸರದಿಯಂತೆ ಬಿಟ್ಟು ನಿಲ್ಲಿಸುವ ಕ್ರಮ) ಎಷ್ಟು ದಿನಕ್ಕೊಮ್ಮೆ ನೀರು ಎಂಬುದು ಒಟ್ಲು (ಸಸಿಮಡಿ) ಹಾಕುವ ಮೊದಲೇ ಮಳವಳ್ಳಿಯ ರೈತನಿಗೆ ಗೊತ್ತಿರಬೇಕು.