ಕೊಳಗ ಯಾರ ಕೈಲಿ? ವ್ಯಕ್ತಿ, ಸಮಾಜ, ಸರ್ಕಾರ

ಪರೀಕ್ಷೆಯಲ್ಲಿ 'ವ್ಯಕ್ತಿ ಸಮಾಜದ ಅಂಗ' ಅಂತ ಎಷ್ಟು ಸಲ ಬರೆದರೂ ನನಗೆ ವ್ಯಕ್ತಿ, ಸಮಾಜ, ಸರ್ಕಾರದ ಈ ಪಾಠ ತಲೆಗೆ ಹತ್ತಿರಲಿಲ್ಲ. ಹತ್ತಿದ್ದು ಕಾಗೋಡಿನ ಕಥೆ ಓದಿದ ಮೇಲೆ. ಸಾಗರ ತಾಲ್ಲೂಕು, ನಮ್ಮ ಶಿವಮೊಗ್ಗ ಜಿಲ್ಲೆಯದೇ ಊರು. ಅಲ್ಲಿಂದಲೇ ಶುರು ಮಾಡೋಣ.

1951. ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ಭೂಮಿಯ ಒಡೆಯರಿಗೆ ಭತ್ತವನ್ನು ಕೊಳಗದಲ್ಲಿ (ಧಾನ್ಯ ಅಳೆಯುವ ಪಾತ್ರೆ) ಅಳೆದು ಕೊಡಬೇಕಿತ್ತು. ಗೇಣಿ ಅಳೆಯುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಜಗಳ ಹತ್ತಿದ್ದೇ ಇದಕ್ಕೆ. ಒಬ್ಬನೇ ಹೋಗಿ 'ಒಡೆಯರೇ, ನಿಮ್ಮ ಕೊಳಗ ದೊಡ್ಡದಾಯ್ತು' ಅಂದರೆ ಏನಾಗುತ್ತದೆ? ಮರುವರ್ಷ ಗದ್ದೆ ಬೇರೆಯವನ ಪಾಲು. ಹಿಂದಿನ ವರ್ಷವೇ ಸಂವಿಧಾನ ಜಾರಿಗೆ ಬಂದಿತ್ತು, 14ನೇ ವಿಧಿಯ ಪ್ರಕಾರ ಇಬ್ಬರೂ ಸಮಾನರು. ಆದರೆ ಭತ್ತ ಅಳೆಯುವ ಕಣದಲ್ಲಿ ಸಮಾನರಲ್ಲ. ಅದಕ್ಕೇ ಅವರು ಒಟ್ಟಾಗಿ ಸತ್ಯಾಗ್ರಹಕ್ಕೆ ಇಳಿದರು. ಜೈಲಿಗೂ ಹೋದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು.

ಶಾಂತಿ ಕಾಪಾಡುವುದು ಸರ್ಕಾರದ ಕರ್ತವ್ಯ ಅಂತ ನಾವೆಲ್ಲ ಬರೆಯುತ್ತೇವೆ. ಸರಿಯೇ. ಆದರೆ ದೊಡ್ಡ ಕೊಳಗವನ್ನು ಹಾಗೇ ಬಿಟ್ಟು ಶಾಂತಿ ಕಾಪಾಡಿದರೆ ಅದು ಒಡೆಯನ ಕಣ ಕಾದ ಹಾಗೆ, ಅಲ್ವಾ? ಪರೀಕ್ಷೆಯ ಉತ್ತರದಲ್ಲಿ ಈ ಮಾತು ಬಂದರೆ ತೂಕ ಜಾಸ್ತಿ.

ಈಗ ಸಂವಿಧಾನದ ವಿಧಿಗಳು. ಸಂಪತ್ತಿನ ಒಡೆತನ ಎಲ್ಲರ ಹಿತಕ್ಕೆ ಆಗುವಂತೆ ಹಂಚಬೇಕು ಎನ್ನುವುದು 39(ಬಿ). ಇದು ನಿರ್ದೇಶಕ ತತ್ವ. 37ನೇ ವಿಧಿಯ ಪ್ರಕಾರ ಇದಕ್ಕಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ, ಆದರೆ ಕಾನೂನು ಮಾಡುವಾಗ ಸರ್ಕಾರ ಇದನ್ನು ಪಾಲಿಸಬೇಕು. 'ಹಾಗಾದರೆ ಇದು ಸುಮ್ನೆ ಆಸೆಯ ಪಟ್ಟಿ' ಅನ್ನಬೇಡಿ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಉಳುವ ಭೂಮಿಯ ಒಡೆತನ ಕೇಳಬಹುದಿತ್ತು. ಕೊಳಗದ ಜಗಳ ಒಂದು ಫಾರಮ್ಮಿಗೆ ಬಂದು ನಿಲ್ಲಲು 23 ವರ್ಷ ಬೇಕಾಯಿತು.

ಮೂಲಭೂತ ಕರ್ತವ್ಯ (51ಎ) ಬಾಯಿಪಾಠ ಮಾಡಿದರೆ ಸಾಕು: 1976ರಲ್ಲಿ 10 ಕರ್ತವ್ಯ ಸೇರಿದವು, 2002ರಲ್ಲಿ ಇನ್ನೊಂದು.

ಕಷ್ಟದ ಪ್ರಶ್ನೆ ಬೇರೆ ಇದೆ. ಸರ್ಕಾರವೇ ಭೂಮಿ ಕೇಳಿದರೆ? ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಆಸ್ತಿ ಇನ್ನೂ ಮೂಲಭೂತ ಹಕ್ಕಾಗಿತ್ತು (1978ರ 44ನೇ ತಿದ್ದುಪಡಿಯ ನಂತರ ಅದು 300ಎ ವಿಧಿಯ ಕಾನೂನು ಹಕ್ಕು). ಆದರೂ ಊರುಗಳು ಮುಳುಗಿದವು. ನಾಡಿಗೆಲ್ಲ ಕರೆಂಟ್ ಬೇಕಿತ್ತು, ಅದು ಸುಳ್ಳಲ್ಲ. ಹಾಗಾದರೆ ಮನೆ ಗದ್ದೆ ಬಿಟ್ಟುಕೊಟ್ಟವರಿಗೆ ಸರ್ಕಾರದ ಬಾಕಿ ಎಷ್ಟು? ಪರಿಹಾರದ ಹಣ ಕೊಟ್ಟರೆ ತೀರಿತೇ? ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಹೊತ್ತು ಮೀರಿ ಯಾರಿಗಾದರೂ ಹುಷಾರು ತಪ್ಪಿದರೆ ಲಾಂಚ್ ಬರುವುದನ್ನೇ ನೋಡುತ್ತ ದಡದಲ್ಲಿ ಕೂರಬೇಕಿತ್ತು.