ಬೋರ್ಡೋ ಡ್ರಮ್ಮಿನೊಳಗಿನ ಎಲೆಕ್ಟ್ರಾನ್ ಜಗ್ಗಾಟ

ಮುಂಗಾರು ಹಿಡಿಯುವ ಮೊದಲು ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಕೆಲಸ ಶುರುವಾಗುತ್ತದೆ. ಶೇ 1ರ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಉಳಿದ 50 ಲೀಟರಿಗೆ ಸುಣ್ಣ ಕದಡಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಲ್ಲಿ ತಿರುಗಿಸಬೇಕು. ತಿಳಿನೀಲಿ ಬಣ್ಣದ ನುಣ್ಣನೆಯ ಗಸಿ ಏಳುತ್ತದೆ. ಎಲೆಗೆ, ಕಾಯಿಗೆ ಅಂಟಿಕೊಂಡು ಕೊಳೆರೋಗ ತಡೆಯುವುದು ಈ ಗಸಿಯೇ.

ಮೈಲುತುತ್ತದಲ್ಲಿ ತಾಮ್ರ ಮತ್ತು ಗಂಧಕ, ಸುಣ್ಣದಲ್ಲಿ ಕ್ಯಾಲ್ಸಿಯಂ. ಮೂರರ ಪಕ್ಕದಲ್ಲೂ ಇರುವುದು ಆಕ್ಸಿಜನ್ನೇ. ಹಾಗಿದ್ದೂ ಮೂರರ ಗುಣ ಮೂರು ಬಗೆ. ಇದಕ್ಕೆ ದೊಡ್ಡ ಕಾರಣ ವಿದ್ಯುದೃಣತೆ, ಅಂದರೆ ಎಲೆಕ್ಟ್ರೋನೆಗೆಟಿವಿಟಿ: ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಒಂದು ಪರಮಾಣು ತನ್ನ ಕಡೆಗೆ ಎಷ್ಟು ಜಗ್ಗುತ್ತದೆ ಎಂಬುದರ ಅಳತೆ.

ಲೈನಸ್ ಪೌಲಿಂಗ್ 1932ರಲ್ಲಿ ಇದಕ್ಕೆ ಅಂಕಿ ಕೊಟ್ಟದ್ದು ಬಂಧಗಳನ್ನು ಮುರಿಯಲು ಬೇಕಾದ ಶಕ್ತಿಯಿಂದ. ಎರಡು ಹೈಡ್ರೋಜನ್ನುಗಳ ಬಂಧ ಮುರಿಯಲು ಮೋಲ್‌ಗೆ 436 ಕಿಲೋಜೌಲ್ ಬೇಕು, ಎರಡು ಕ್ಲೋರಿನ್ನುಗಳದ್ದಕ್ಕೆ 243. ಸರಾಸರಿ ಸುಮಾರು 340. ಆದರೆ ಹೈಡ್ರೋಜನ್-ಕ್ಲೋರಿನ್ ಬಂಧ ಮುರಿಯಲು 431 ಬೇಕು. ಆ ಹೆಚ್ಚುವರಿ ಗಟ್ಟಿತನ ಬಂದದ್ದು ಜಗ್ಗಾಟ ಸಮಬಲದ್ದಲ್ಲವಾದ್ದರಿಂದ.

ಆವರ್ತಕ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಬೀಜಕೇಂದ್ರದ ಧನಾವೇಶ ಏರುತ್ತದೆ, ಹೊಸ ಎಲೆಕ್ಟ್ರಾನುಗಳು ಮಾತ್ರ ಅದೇ ಕವಚಕ್ಕೆ ಸೇರುತ್ತವೆ. ಒಂದೇ ಕವಚದವು ಬೀಜಕೇಂದ್ರದ ಸೆಳೆತಕ್ಕೆ ಒಂದಕ್ಕೊಂದು ಸರಿಯಾಗಿ ಅಡ್ಡ ಬರುವುದಿಲ್ಲ. ಹಾಗಾಗಿ ಜಗ್ಗುವ ಬಲ ಹೆಚ್ಚುತ್ತದೆ: ಲಿಥಿಯಂ 0.98, ಇಂಗಾಲ 2.55, ಆಕ್ಸಿಜನ್ 3.44, ಫ್ಲೋರಿನ್ 3.98. ಕೆಳಗಿಳಿದರೆ ಕವಚ ಹೆಚ್ಚಿ ದೂರವಾಗುತ್ತದೆ, ಫ್ಲೋರಿನ್ನಿನ 3.98 ಅಯೋಡಿನ್‌ಗೆ ಬರುವಷ್ಟರಲ್ಲಿ 2.66. ಚಿನ್ನದಂಥ (2.54) ಅಪವಾದಗಳೂ ಇವೆ.

ನನ್ನ ಪ್ರಕಾರ ಈ ಅಂಕಿಗಳ ನಿಜವಾದ ಉಪಯೋಗ ಕಾಣುವುದು ಮೂರನೆಯ ಸಾಲಿನಲ್ಲಿ. ಒಂದು ಧಾತು, ಅದಕ್ಕೆ ಆಕ್ಸಿಜನ್, ಆಕ್ಸಿಜನ್ನಿಗೆ ಹೈಡ್ರೋಜನ್ ಕಟ್ಟಿಕೊಂಡಿದೆ ಎನ್ನಿ. ಇಲ್ಲಿ ಬಂಧ ಎರಡು. ನೀರಿಗೆ ಬಿದ್ದಾಗ ಯಾವುದು ಬಿಚ್ಚುತ್ತದೆ? ಸೋಡಿಯಂ (0.93) ಜಗ್ಗುವುದೇ ಇಲ್ಲ ಎನ್ನಬಹುದು, ಎಲೆಕ್ಟ್ರಾನನ್ನು ಆಕ್ಸಿಜನ್ನಿಗೆ ಬಿಟ್ಟುಕೊಟ್ಟು ದೂರ ಸರಿಯುತ್ತದೆ. ಆಕ್ಸಿಜನ್-ಹೈಡ್ರೋಜನ್ ಜೋಡಿ, ಅಂದರೆ ಋಣಾವೇಶದ ಹೈಡ್ರಾಕ್ಸೈಡ್ ಅಯಾನು, ಹೊರಬಂದು ನೀರು ಕ್ಷಾರವಾಗುತ್ತದೆ. ಮೆಗ್ನೀಷಿಯಂ (1.31) ದುರ್ಬಲ ಕ್ಷಾರ. ಅಲ್ಯೂಮಿನಿಯಂ (1.61) ಎರಡೂ ಕಡೆಗೆ ವಾಲುತ್ತದೆ. ಸಿಲಿಕಾನ್ (1.90) ಬಹಳ ದುರ್ಬಲ ಆಮ್ಲ, ರಂಜಕ (2.19) ಅದಕ್ಕಿಂತ ಬಲದ್ದು. ಗಂಧಕ (2.58) ಬರುವಷ್ಟರಲ್ಲಿ ಅದೂ, ಅದರ ಸುತ್ತಲಿನ ಆಕ್ಸಿಜನ್ನುಗಳೂ ಸೇರಿ ಎಷ್ಟು ಜಗ್ಗುತ್ತವೆಂದರೆ ಹೈಡ್ರೋಜನ್ನೇ ಕಳಚಿ ಬೀಳುತ್ತದೆ: ಸಲ್ಫ್ಯೂರಿಕ್ ಆಮ್ಲ.

ಮಲೆನಾಡಿನ ಮಣ್ಣು ಹುಳಿಯಾಗುವುದರಲ್ಲೂ ಇದೇ ಇದೆ. ಜೋರುಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಸಿಯಂ ತೊಳೆದೊಯ್ಯುತ್ತದೆ, ಅಲ್ಯೂಮಿನಿಯಂ ಉಳಿಯುತ್ತದೆ. ಮೂರು ಧನಾವೇಶದ ಅಲ್ಯೂಮಿನಿಯಂ ಅಯಾನು ತನ್ನ ಸುತ್ತಲಿನ ನೀರಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಜಗ್ಗಿದಾಗ ಅವುಗಳ ಹೈಡ್ರೋಜನ್ ಸಡಿಲವಾಗುತ್ತದೆ. ಆ ಹುಳಿ ಹೆಚ್ಚುಕಡಿಮೆ ವಿನೆಗರಿನ ಆಮ್ಲದಷ್ಟೇ ಬಲದ್ದು. ಪಿಎಚ್ 5.5ಕ್ಕಿಂತ ಇಳಿದರೆ ಕರಗಿದ ಅಲ್ಯೂಮಿನಿಯಂ ಬೇರನ್ನು ಮೊಟಕಾಗಿಸುತ್ತದೆ. ಸುಣ್ಣ ಹಾಕಿದರೆ ಅದು ಹೈಡ್ರಾಕ್ಸೈಡಾಗಿ ಗಟ್ಟಿಗೊಂಡು ಕೂತುಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಾಮ್ರದ ಅಂಕಿಯೂ 1.90, ಸಿಲಿಕಾನಿನದೂ 1.90. ಆದರೂ ತಾಮ್ರದ ಹೈಡ್ರಾಕ್ಸೈಡ್ ಆಮ್ಲವಲ್ಲ. ಸಿಲಿಕಾನಿಗೆ ನಾಲ್ಕು ಕೈ, ಇಲ್ಲಿನ ತಾಮ್ರಕ್ಕೆ ಎರಡೇ. ಪರಮಾಣು ಎಷ್ಟು ಎಲೆಕ್ಟ್ರಾನ್ ಕೊಟ್ಟು ನಿಂತಿದೆ ಎಂಬುದನ್ನು ಬಿಟ್ಟು ಅಂಕಿಯೊಂದನ್ನೇ ಹಿಡಿದರೆ ಲೆಕ್ಕ ತಪ್ಪುತ್ತದೆ.

ಈಗ ಡ್ರಮ್ಮಿಗೆ ಬನ್ನಿ. ಕ್ಯಾಲ್ಸಿಯಂ (1.00) ಮತ್ತು ಆಕ್ಸಿಜನ್ ನಡುವೆ 2.44ರಷ್ಟು ಅಂತರವಿದೆ, ಆದ್ದರಿಂದ ಸುಣ್ಣ ಹೈಡ್ರಾಕ್ಸೈಡನ್ನು ಸುಲಭವಾಗಿ ಬಿಡುತ್ತದೆ. ತಾಮ್ರಕ್ಕೆ ಅಂತರ 1.54, ಅದು ಹೈಡ್ರಾಕ್ಸೈಡನ್ನು ಬಿಗಿಯಾಗಿ ಹಿಡಿದು ಗಸಿಯಾಗುತ್ತದೆ. ಲೆಕ್ಕಕ್ಕೆ 1 ಕಿಲೋ ಮೈಲುತುತ್ತಕ್ಕೆ ಶುದ್ಧವಾದ ಅರಳಿಸಿದ ಸುಣ್ಣ 300 ಗ್ರಾಂ ಸಾಕು. ಆದರೆ ಚೀಲ ಬಿಚ್ಚಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದ ಪುಡಿಯಾಗುತ್ತಾ ಹೋಗುತ್ತದೆ, ಅದಕ್ಕೇ 1 ಕಿಲೋ. ತೀರಾ ಹಳೆಯದಾದರೆ ಅದೂ ಸಾಲದು, ಕರಗಿದ ತಾಮ್ರ ಉಳಿದು ಎಲೆ ಸುಡುತ್ತದೆ.

ಪರೀಕ್ಷೆ ಸುಲಭ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಕೂತಿದ್ದರೆ ಬಿಡಿ ತಾಮ್ರ ಉಳಿದಿದೆ. ಸುಣ್ಣದ ನೀರು ಸ್ವಲ್ಪ ಸ್ವಲ್ಪವೇ ಸೇರಿಸಿ ಮತ್ತೆ ನೋಡಿ. ಕಬ್ಬಿಣದ ಬಕೆಟ್ಟಿನಲ್ಲಿ ಕಲಸಬಾರದು ಎನ್ನುವುದೂ ಇದಕ್ಕೇ: ಆ ಲೇಪ ಬಕೆಟ್ಟಿನ ಒಳಗೋಡೆಗೆ ಕೂರುತ್ತದೆ, ತಾಮ್ರ ಅಷ್ಟು ಕಡಿಮೆಯಾಗುತ್ತದೆ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಇಟ್ಟರೆ ಗಸಿಯ ಕಣಗಳು ದಪ್ಪವಾಗಿ ತಳ ಸೇರುತ್ತವೆ, ಎಲೆಗೆ ಅಂಟುವುದಿಲ್ಲ.